ಗೆಣಸಿನ ಹೋಳಿಗಿ, ಗೆಣಸಿನ ಪೈ: ಒಂದು ಗಡ್ಡಿ, ಎರಡು ದೇಶ

ಈ ಸಲ ಗೊಬ್ಬರ, ಎಣ್ಣಿ ಹೊಡೆಯೋ ಮಾತು ಕಡಿಮಿ, ಇತಿಹಾಸದ ಮಾತು ಜಾಸ್ತಿ. ಬರಹ ಉದ್ದ ಐತಿ. ರಾತ್ರಿ ಊಟ ಆದ ಮ್ಯಾಲ ಪುರುಸೊತ್ತಿನಿಂದ ಓದ್ರಿ.

ನಮ್ಮ ಖಾನಾಪುರ ತಾಲೂಕು, ಬೆಳಗಾವಿ ತಾಲೂಕು, ಗಡಿ ದಾಟಿದ್ರ ಚಂದಗಡ, ಈ ಮೂರು ಕಡೆ ಕೆಂಪು ಮಣ್ಣಿನ್ಯಾಗ ಗೆಣಸು ಬೆಳೀತಾರ. ಮುಂಗಾರು ಹಿಡಿದ ಮ್ಯಾಲ ಬೋದು ಏರಿಸಿ ಬಳ್ಳಿ ಊರೋದು, ನವರಾತ್ರಿ ದಾಟಿದ ಮ್ಯಾಲ ಅಗಿಯೋದು. ಬೆಳಗಾವಿ ಎಪಿಎಂಸಿ ಯಾರ್ಡಿಗೆ ಆ ದಿನದಾಗ ಹೋದ್ರ ಚೀಲದ ಮ್ಯಾಲ ಚೀಲ, ಕೆಂಪು ಗೆಣಸಿನ ಗುಡ್ಡ. ಲಾರಿ ತುಂಬಿ ದಿಲ್ಲಿ, ಪಂಜಾಬ್, ರಾಜಸ್ಥಾನದ ಕಡೆ ಹೋಗ್ತಾವ. ಇಷ್ಟು ನಿಮಗೆಲ್ಲಾ ಗೊತ್ತಿದ್ದದ್ದು. ಆದ್ರ ಈ ಗೆಣಸು ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಇಲ್ಲೇ ಇದ್ದದ್ದು ಅಂತ ತಿಳಕೊಂಡವರು ಭಾಳ ಮಂದಿ. ಹಂಗಿಲ್ಲ. ಇದು ಅಮೆರಿಕ ಖಂಡದ ಗಡ್ಡಿ. ಅಲ್ಲಿ ಇದರಿಂದ ಒಂದು ಸಿಹಿ ಹುಟ್ಟಿತು, ಇಲ್ಲಿ ಒಂದು ಸಿಹಿ ಹುಟ್ಟಿತು. ಅಲ್ಲಿಯ ಸಿಹಿ ಬೆಳೆಗಾರನ ಕೈ ಹಿಡೀತು. ಇಲ್ಲಿಯದು ಮನಿ ಅಡಗಿ ಖೋಲಿ ಬಿಟ್ಟು ಹೊರಗ ಬರಲಿಲ್ಲ. ಯಾಕ ಅನ್ನೋದೇ ಈ ಬರಹದ ವಿಷಯ.

ಮೊದಲು ಹೆಸರಿನ ಚಮತ್ಕಾರ ಹೇಳ್ತೀನಿ. ರವಿವಾರ ಪೇಟೆಗೆ ಹೋಗಿ "ಬಟಾಟಿ ಕೊಡ್ರಿ" ಅಂದ್ರ ಆಲೂಗಡ್ಡಿ ಕೊಡ್ತಾರ. ಆದ್ರ ಬಟಾಟ ಅನ್ನೋ ಮಾತು ಹುಟ್ಟಿದ್ದು ಕೆರಿಬಿಯನ್ ದ್ವೀಪದ ತೈನೊ ಜನರ ಬಾಯಾಗ, ಅದೂ ಗೆಣಸಿಗೆ. 1492ರಲ್ಲಿ ಕೊಲಂಬಸ್ ಅಲ್ಲಿ ಇಳಿದಾಗ ಈ ಗಡ್ಡಿಯನ್ನು ಕಂಡ, ತಿಂದ, ಸ್ಪೇನಿಗೆ ಒಯ್ದ. ಹೆಸರೂ ಸಂಗಾಟ ಹೋಯ್ತು. ಮುಂದ ದಕ್ಷಿಣ ಅಮೆರಿಕದ ಬೆಟ್ಟದಿಂದ ಆಲೂಗಡ್ಡಿ ಬಂದಾಗ ಅದಕ್ಕೂ ಅದೇ ಹೆಸರಿನ ನೆರಳು ಬಿತ್ತು. ಇಂಗ್ಲಿಷಿನ ಪೊಟ್ಯಾಟೊ, ಪೋರ್ಚುಗೀಜರ ಬಟಾಟ, ಮರಾಠಿ ಬಟಾಟಾ, ನಮ್ಮ ಬಟಾಟಿ ಎಲ್ಲಾ ಅದರ ಮೊಮ್ಮಕ್ಕಳು.

ಹಂಗಾರ ಗೆಣಸು ಅನ್ನೋ ಮಾತು? ಅದು ಅಪ್ಪಟ ಕನ್ನಡ, ಹಳೇ ಮಾತು. ಮೊದಲು ಕಾಡಿನ ಗಡ್ಡಿಗಳಿಗೆ, ಬಳ್ಳಿಯ ದೊಡ್ಡ ದೊಡ್ಡ ಬೇರಿಗೆ ಇದ್ದ ಹೆಸರು. ಈಗಲೂ ಮಲೆನಾಡಿನ್ಯಾಗ ಹೆಗ್ಗೆಣಸು, ಮುಳ್ಳುಗೆಣಸು, ತೂಣಗೆಣಸು ಅಂತಾರಲ್ಲ, ಅವೆಲ್ಲಾ ಬ್ಯಾರೇ ಜಾತಿಯ ಗಡ್ಡಿ, ಇಲ್ಲಿಯವು. ನಮ್ಮ ಪಕ್ಕದ ಜೋಯಿಡಾದಾಗ ಕುಣಬಿ ಜನ ಅವನ್ನ ಉಳಿಸಿಕೊಂಡು ಬಂದಾರ, ಗೆಡ್ಡೆ-ಗೆಣಸು ಮೇಳನೂ ಮಾಡ್ತಾರ. ಹೊಸಾ ಗಡ್ಡಿ ಬಂದಾಗ ನಮ್ಮ ಹಿರಿಯರು ಹಳೇ ಹೆಸರನ್ನೇ ಕೊಟ್ಟರು. ಮರಾಠಿಯವರು ರತಾಳೆ ಅಂದರು, ಅದೂ ರಕ್ತಾಲು ಅನ್ನೋ ಹಳೇ ಸಂಸ್ಕೃತ ಹೆಸರಿನಿಂದ ಬಂದದ್ದು. ಅಂದ್ರ ಹೊರಗಿನಿಂದ ಬಂದವನಿಗೆ ಮನಿತನದ ಹೆಸರಿಟ್ಟು ಒಳಗ ಕರಕೊಂಡಂಗ ಆಯ್ತು.

ಅಮೆರಿಕದಾಗೂ ಇದೇ ಆಟ ನಡೀತು ನೋಡ್ರಿ. ಆಫ್ರಿಕಾದಿಂದ ಸರಪಳಿ ಹಾಕಿ ಒಯ್ದ ಜನಕ್ಕ ತಮ್ಮ ಊರಿನ ಗಡ್ಡಿ ಯಾಮ್. ಅದು ನಮ್ಮ ಹೆಗ್ಗೆಣಸಿನ ಬಳಗ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಸಿಗಲಿಲ್ಲ, ಸಿಕ್ಕದ್ದು ಗೆಣಸು. ಅವರು ಅದನ್ನೇ ಯಾಮ್ ಅಂತ ಕರೆದರು. ಇವತ್ತಿಗೂ ಅಮೆರಿಕದ ಅಂಗಡಿಯಲ್ಲಿ ಕೇಸರಿ ತಿರುಳಿನ ಗೆಣಸಿಗೆ ಯಾಮ್ ಅಂತ ಬರೀತಾರ. 1930ರ ದಶಕದಲ್ಲಿ ಲೂಸಿಯಾನಾ ರಾಜ್ಯದ ಬೆಳೆಗಾರರು ತಮ್ಮ ಮಾಲನ್ನ ಬ್ಯಾರೆಯವರ ಮಾಲಿನಿಂದ ಬೇರ್ಪಡಿಸಿ ತೋರಿಸಲಿಕ್ಕೆ ಆ ಹೆಸರನ್ನೇ ಚೀಲದ ಮ್ಯಾಲ ಹಾಕಿ ಮಾರಿದರು. ಗುಲಾಮರು ನೆನಪಿಗೆ ಇಟ್ಟ ಹೆಸರು ರೈತರ ವ್ಯಾಪಾರದ ಗುರುತಾತು.

ಗೆಣಸು ಇತ್ತ ಬಂದಂಗ ನಮ್ಮದೊಂದು ಬೆಳಿ ಅತ್ತ ಹೋಗಿತ್ತು, ಕಬ್ಬು. ಕಬ್ಬಿನ ರಸ ಕಾಸಿ ಸಕ್ಕರಿ ಹರಳು ಮಾಡೋ ವಿದ್ಯಾ ಭಾರತದ್ದು. ಶರ್ಕರಾ ಅನ್ನೋ ಮಾತೇ ಅರಬರ ಬಾಯಿ ದಾಟಿ ಶುಗರ್ ಆತು. 1493ರ ಎರಡನೇ ಯಾನದಲ್ಲಿ ಕೊಲಂಬಸ್ ಕಬ್ಬಿನ ತುಂಡುಗಳನ್ನ ಕೆರಿಬಿಯನ್ ದ್ವೀಪಕ್ಕೆ ಒಯ್ದ. ಅಲ್ಲಿ ಕಬ್ಬು ಹಬ್ಬಿತು, ಅದನ್ನ ಕಡಿಯಲಿಕ್ಕೆ ಮಂದಿ ಬೇಕಾತು, ಆಫ್ರಿಕಾದ ಲಕ್ಷ ಲಕ್ಷ ಜನರನ್ನ ಹಿಡಿದು ಹಡಗಿನ್ಯಾಗ ತುಂಬಿದರು. ಅಮೆರಿಕದ ಸಿಹಿ ತಿನಿಸಿನ ಇತಿಹಾಸ ಬರೆಯೋವಾಗ ಈ ಒಂದು ಸಾಲು ಬಿಟ್ಟರ ಉಳಿದದ್ದೆಲ್ಲಾ ಸುಳ್ಳಾಗತೈತಿ. ಬೆಳಗಾವಿ ಜಿಲ್ಲಾದ ಕಬ್ಬಿನ ರೈತರು ನಾವು, ಕಬ್ಬು ಕಡಿಯೋ ಗ್ಯಾಂಗಿನ ಕಷ್ಟ ನಮಗ ಹೊಸದಲ್ಲ. ಅಲ್ಲಿ ಆ ಕೆಲಸ ಕೂಲಿ ಇಲ್ಲದ, ಬಿಡುಗಡೆ ಇಲ್ಲದ ಕೆಲಸ ಆಗಿತ್ತು.

ಇತ್ತ ಪೋರ್ಚುಗೀಜರು 1500ರಲ್ಲಿ ಬ್ರೆಜಿಲ್ ಮುಟ್ಟಿದರು, 1510ರಲ್ಲಿ ಗೋವಾ ಹಿಡಿದರು. ಒಬ್ಬನೇ ರಾಜನ ಹಡಗು ಎರಡೂ ಕಡೆ. ಗೋಡಂಬಿ, ಮೆಣಸಿನಕಾಯಿ, ಪೇರಲ, ಪಪ್ಪಾಯಿ, ಗೆಣಸು ಇವೆಲ್ಲಾ ಆ ಕಡಲ ದಾರಿಯಿಂದ ಕರಾವಳಿಗೆ ಇಳಿದವು. ಗೋವಾದಿಂದ ಘಟ್ಟ ಏರಿದ್ರ ಮೊದಲು ಸಿಗೋದೇ ನಮ್ಮ ತಾಲೂಕು. ಚೋರ್ಲಾ ಘಟ್ಟ ಹತ್ತಿದ್ರ ಕಣಕುಂಬಿ, ಜಾಂಬೋಟಿ. ಅನಮೋಡ ಘಟ್ಟ ಹತ್ತಿದ್ರ ಲೋಂಡಾ ಕಡೆ. ರೈಲು ಬರೋಕಿಂತ ಮೊದಲು ಎತ್ತಿನ ಬೆನ್ನ ಮ್ಯಾಲ ಉಪ್ಪು ಮ್ಯಾಲ ಬರ್ತಿತ್ತು, ಅಕ್ಕಿ ಕೆಳಗ ಇಳೀತಿತ್ತು. ನಮ್ಮ ಗುಡ್ಡದಾಗ ಗೋಡಂಬಿ, ಹೊಲದಾಗ ಗೆಣಸು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಾವಂದ್ರ ಆ ಘಟ್ಟದ ಹಾದಿ ನೆನಪಾಗೋದು ಸಹಜ.

ಈಗ ಒಂದು ಮಜಾ ಮಾತು. ಏಕಾದಶಿ, ಶಿವರಾತ್ರಿ ಉಪವಾಸಕ್ಕ ಧಾನ್ಯ ನಡೆಯಂಗಿಲ್ಲ, ಅಕ್ಕಿ-ಗೋಧಿ-ಜ್ವಾಳ ಮುಟ್ಟಂಗಿಲ್ಲ. ಹಂಗಾರ ಏನು ನಡೀತೈತಿ? ಸಾಬೂದಾಣಿ ಖಿಚಡಿ, ಶೇಂಗಾ, ಬಟಾಟಿ, ಹಸಿಮೆಣಸಿನಕಾಯಿ, ಬೇಯಿಸಿದ ಗೆಣಸು. ಒಂದೊಂದೇ ಲೆಕ್ಕ ಹಾಕ್ರಿ. ಸಾಬೂದಾಣಿ ಮರಗೆಣಸಿನ ಪಿಷ್ಟದಿಂದ ಆಗೋದು, ಮರಗೆಣಸು ದಕ್ಷಿಣ ಅಮೆರಿಕದ್ದು. ಶೇಂಗಾ ಅಲ್ಲಿಯದೇ. ಬಟಾಟಿ, ಮೆಣಸಿನಕಾಯಿ, ಗೆಣಸು ಎಲ್ಲಾ ಅಲ್ಲಿಯವೇ. ಅಂದ್ರ ನಮ್ಮ ಅತಿ ಮಡಿಯ ತಾಟು ಪೂರ್ತಿ ಅಮೆರಿಕದ ತಾಟು! ಇದನ್ನ ನಾನು ಚೇಷ್ಟಾಕ್ಕ ಹೇಳ್ತಿಲ್ಲ. ಧಾನ್ಯ ಅಲ್ಲ, ನೆಲದೊಳಗಿನ ಗಡ್ಡಿ, ಹಣ್ಣಿನ ಸಮಾನ ಅಂತ ನಮ್ಮ ಹಿರಿಯ ಹೆಣ್ಣುಮಕ್ಕಳು ಅಡಗಿ ಮನ್ಯಾಗ ತೀರ್ಪು ಕೊಟ್ಟರು, ಹೊಸಬರನ್ನ ಒಳಗ ತಗೊಂಡರು.

ಹೋಳಿಗಿಯೊಳಗೂ ಹಂಗೇ ಆತು. ಹೊರಗಿನ ಕಣಕ ಗೋಧೀದು, ಅದು ಹಳೇದು. ಬೆಲ್ಲ ನಮ್ಮದು. ಒಳಗಿನ ಹೂರಣ ಮೊದಲು ಬ್ಯಾಳಿದು. ಅಮೆರಿಕದಿಂದ ಶೇಂಗಾ ಬಂದ ಮ್ಯಾಲ ಶೇಂಗಾ ಹೋಳಿಗಿ, ಗೆಣಸು ಬಂದ ಮ್ಯಾಲ ಗೆಣಸಿನ ಹೋಳಿಗಿ. ಗೆಣಸಿನ ಹೋಳಿಗಿ ಮಾಡೋದು ಗೊತ್ತಿಲ್ಲದವರಿಗೆ ಸಣ್ಣಾಗಿ ಹೇಳ್ತೀನಿ. ಗೆಣಸನ್ನ ಸಿಪ್ಪಿ ಸಮೇತ ಹಬೆಯೊಳಗ ಬೇಯಿಸಬೇಕು. ನೀರಾಗ ಮುಳುಗಿಸಿ ಕುದಿಸಿದ್ರ ನೀರು ಕುಡಿದು ಹೂರಣ ಸಡಿಲ ಆಗತೈತಿ. ಬಿಸಿ ಇದ್ದಾಗಲೇ ಸಿಪ್ಪಿ ಸುಲಿದು ಕಿವುಚಿ ನಾರು ತೆಗೀಬೇಕು. ಬೆಲ್ಲ ಸೇರಿಸಿ ಬಾಣಲಿಯೊಳಗ ಮುದ್ದಿ ಆಗೋತನ ಕಾಸಬೇಕು, ಏಲಕ್ಕಿ ಪುಡಿ ಹಾಕಬೇಕು. ಗೆಣಸಿನ್ಯಾಗೇ ಸಿಹಿ ಇರೋದ್ರಿಂದ ಬೆಲ್ಲ ಬ್ಯಾಳಿ ಹೂರಣಕ್ಕ ಹಾಕಿದಷ್ಟು ಬ್ಯಾಡ. ಆಮ್ಯಾಲ ಕಣಕದಾಗ ತುಂಬಿ, ಲಟ್ಟಿಸಿ, ಹಂಚಿನ ಮ್ಯಾಲ ಎರಡೂ ಮಗ್ಗಲ ಬೇಯಿಸಿ ತುಪ್ಪ ಹಾಕಿದ್ರ ಮುಗೀತು. ಉಪವಾಸದ ದಿನ ಗೋಧಿ ಕಣಕ ಬರಂಗಿಲ್ಲ, ಆದ್ದರಿಂದ ಹೋಳಿಗಿ ಹಬ್ಬಕ್ಕ, ಬರೀ ಬೇಯಿಸಿದ ಗೆಣಸು ಉಪವಾಸಕ್ಕ.

ನಮ್ಮ ಸ್ನೇಹಿತರೊಬ್ಬರ ಮಗ ಅಮೆರಿಕದ ನಾರ್ಥ್ ಕ್ಯಾರೊಲಿನಾದಾಗ ಕೆಲಸಕ್ಕ ಇದ್ದಾನ. ಹೋದ ವರ್ಷ ನವೆಂಬರಿನ್ಯಾಗ ಒಂದು ಫೋಟೋ ಕಳಿಸಿ, "ಕಾಕಾ, ಇದನ್ನ ತಿಂದೆ, ಒಳಗ ನಮ್ಮ ಗೆಣಸಿನ ಹೂರಣದಂಗ ಐತ್ರಿ" ಅಂತ ಬರೆದ. ಅದು ಗೆಣಸಿನ ಪೈ. ಪೈ ಅಂದ್ರ ಅಡ್ಡಹೆಸರಿನ ಪೈ ಅಲ್ಲ, ಹಳೇ ಕಾಲದ ಪೈ-ಪೈಸಾನೂ ಅಲ್ಲ. ಗೋಧಿ ಹಿಟ್ಟಿಗೆ ಬೆಣ್ಣಿ ತಿಕ್ಕಿ ಕಣಕ ಮಾಡಿ, ಲಟ್ಟಿಸಿ, ಅಂಚಿರೋ ತಾಟಿನ್ಯಾಗ ಹಾಸ್ತಾರ. ಅದರ ಮ್ಯಾಲ ಕಿವುಚಿದ ಗೆಣಸು, ಹಾಲು, ಮೊಟ್ಟಿ, ಬೆಣ್ಣಿ, ಸಕ್ಕರಿ, ಜಾಯಿಕಾಯಿ, ದಾಲ್ಚಿನ್ನಿ ಕಲಸಿ ಸುರುವಿ ಭಟ್ಟಿಯೊಳಗ ಸುಡ್ತಾರ. ನನ್ನ ಭಾಷಾದಾಗ ಹೇಳಬೇಕಂದ್ರ, ಮ್ಯಾಲಿನ ಕಣಕ ಇಲ್ಲದ ದಪ್ಪ ಹೋಳಿಗಿ. ನಮ್ಮ ವಾರಿಗಿಯವರಿಗೆ ಅಮೆರಿಕ ಅಂದ್ರ ಸಾಲ್ಯಾಗ ಕೊಡ್ತಿದ್ದ ಕೇರ್ ಉಪ್ಪಿಟ್ಟು. ಈ ಪೈ ಮಾತ್ರ ನಮ್ಮ ಹೊಲದ ಸಂಬಂಧಿ ಅಂತ ಗೊತ್ತಾದ ಮ್ಯಾಲ ಅದರ ಬೆನ್ನು ಹತ್ತಿದೆ, ಮಗಳ ಕೈಲಿ ಫೋನಿನ್ಯಾಗ ಓದಿಸಿ ಕೇಳಿದೆ.

ಪೈ ಅನ್ನೋ ರೂಪ ಇಂಗ್ಲೆಂಡಿನಿಂದ ಹೋದದ್ದು. ಅಮೆರಿಕದವರೇ ಬರೆದ ಮೊದಲ ಅಡಗಿ ಪುಸ್ತಕ ಅಂತ ಅಮೀಲಿಯಾ ಸಿಮನ್ಸ್ ಅನ್ನೋ ಹೆಣ್ಣುಮಗಳ ಪುಸ್ತಕವನ್ನ ಲೆಕ್ಕ ಹಿಡೀತಾರ, 1796ರದು. ಅದರಲ್ಲಿ ಕುಂಬಳಕಾಯಿಯನ್ನ ಕಣಕದ ಮ್ಯಾಲ ಸುರುವಿ ಸುಡೋ ವಿಧಾನ ಐತಿ. ಉತ್ತರದ ರಾಜ್ಯಗಳಲ್ಲಿ ಚಳಿ ಜಾಸ್ತಿ, ಅಲ್ಲಿ ಕುಂಬಳದ ಪೈ ನಡೀತು. ದಕ್ಷಿಣದ ಬಿಸಿಲು ರಾಜ್ಯಗಳಲ್ಲಿ ಗೆಣಸು ಚಲೋ ಬರ್ತಿತ್ತು, ಅಲ್ಲಿ ಗೆಣಸಿನ ಪೈ. 1863ರಲ್ಲಿ, ಗುಲಾಮಗಿರಿ ವಿಷಯಕ್ಕ ಉತ್ತರ-ದಕ್ಷಿಣ ಯುದ್ಧ ನಡೆದಿದ್ದಾಗ, ಅಧ್ಯಕ್ಷ ಲಿಂಕನ್ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನ ಇಡೀ ದೇಶ ಆಚರಿಸಬೇಕು ಅಂತ ಘೋಷಣಾ ಮಾಡಿದ. ಸಾರಾ ಹೇಲ್ ಅನ್ನೋ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಪತ್ರ ಬರೆದು ಬೆನ್ನು ಹತ್ತಿದ್ದರ ಫಲ ಅದು. ನಮ್ಮ ಸುಗ್ಗಿ ಹಬ್ಬ ಇದ್ದಂಗ ಅದು. ಈಗ ನವೆಂಬರಿನ ನಾಲ್ಕನೇ ಗುರುವಾರ ಬರ್ತೈತಿ. ಆ ಹಬ್ಬದ ತಾಟಿನ್ಯಾಗ ಕುಂಬಳದ ಪೈ ಒಂದು ಮನಿಯೊಳಗ, ಗೆಣಸಿನ ಪೈ ಇನ್ನೊಂದು ಮನಿಯೊಳಗ.

ಆ ಇನ್ನೊಂದು ಮನಿ ಯಾರದು? ಹೆಚ್ಚಾಗಿ ಕರಿಯ ಜನರದು. ಗುಲಾಮರಿಗೆ ಇದ್ದದ್ದು ಸಣ್ಣ ಗುಡಿಸಲು, ಭಟ್ಟಿ ಎಲ್ಲಿಂದ ಬರಬೇಕು? ಗೆಣಸನ್ನ ಒಲಿಯ ಬೂದಿಯೊಳಗ ಹುಗಿದು ಸುಟ್ಟು ತಿಂತಿದ್ದರು. ಆದ್ರ ಮಾಲೀಕರ ದೊಡ್ಡ ಮನಿಯ ಅಡಗಿ ಮಾಡ್ತಿದ್ದವರೂ ಅವರೇ. ಪೈ ಅಲ್ಲಿ ಅವರ ಕೈಯಾಗ ಪಳಗಿತು. 1865ರಲ್ಲಿ ಗುಲಾಮಗಿರಿ ಕಾಯ್ದೆಯಿಂದ ಹೋದ ಮ್ಯಾಲ ಆ ವಿದ್ಯಾ ತಮ್ಮ ಸ್ವಂತ ಮನಿಗೆ ಬಂತು. ಆಬಿ ಫಿಶರ್ ಅನ್ನೋ ತಾಯಿ ಗುಲಾಮಗಿರಿಯೊಳಗ ಹುಟ್ಟಿದಾಕಿ, ಓದು-ಬರಹ ಬರ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣಕ್ಕ ಹೋಗಿ ಉಪ್ಪಿನಕಾಯಿ, ಮುರಬ್ಬಾ ಮಾಡಿ ಮಾರಿ ಹೆಸರು ಮಾಡಿದಳು. 1881ರಲ್ಲಿ ಬಾಯಿಂದ ಹೇಳಿ ಬರೆಸಿ ಅಡಗಿ ಪುಸ್ತಕ ಹೊರಗ ತಂದಳು. ಅದರಲ್ಲಿ ಗೆಣಸಿನ ಪೈ ಐತಿ, ಕಿತ್ತಳಿ ರಸ ಹಾಕಿ ಮಾಡೋದು. ಅಕ್ಷರ ಬರದ ಹೆಣ್ಣುಮಗಳ ಕೈರುಚಿ ಅಚ್ಚಾಗಿ ಇವತ್ತಿಗೂ ಉಳಿದೈತಿ. ನಮ್ಮ ಅವ್ವಂದಿರ ಕೈರುಚಿ ಎಷ್ಟು ಅಚ್ಚಾಗೈತಿ, ವಿಚಾರ ಮಾಡ್ರಿ.

ಇದರ ಮುಂದಿನ ಕಥಿ ನಮ್ಮಂಥ ಒಕ್ಕಲಿಗರಿಗೆ ಇನ್ನೂ ಹತ್ತಿರದ್ದು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರು ಓದಿರಬೇಕು. ಅವನೂ ಗುಲಾಮಳ ಮಗ. 1896ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿ ಅನ್ನೋ ಸಾಲಿಗೆ ಕೃಷಿ ಕಲಿಸಲಿಕ್ಕೆ ಬಂದ. ಅಲ್ಲಿಯ ಹೊಲ ಹತ್ತಿ ಬೆಳೆದು ಬೆಳೆದು ಸತ್ತು ಹೋಗಿದ್ದವು. ಹತ್ತಿ ಬಿಟ್ಟು ಶೇಂಗಾ, ಅಲಸಂದಿ, ಗೆಣಸು ಹಾಕ್ರಿ, ಮಣ್ಣೂ ಉಳೀತೈತಿ, ಹೊಟ್ಟಿನೂ ತುಂಬತೈತಿ ಅಂದ. ಆದ್ರ ಬರೀ ಬೆಳೀರಿ ಅಂತ ಹೇಳಿ ಬಿಡಲಿಲ್ಲ. 1906ರಲ್ಲಿ ಕುದುರಿ ಗಾಡಿಯ ಮ್ಯಾಲ ಸಾಮಾನು ಹೇರಿ ಊರೂರಿಗೆ ಹೋಗೋ ಸಾಲಿ ಸುರು ಮಾಡಿದರು. ಸಣ್ಣ ಸಣ್ಣ ಪುಸ್ತಿಕಾ ಅಚ್ಚು ಹಾಕಿಸಿ ಹಂಚಿದರು. ಗೆಣಸಿನ ಪುಸ್ತಿಕಾದಾಗ ಬಳ್ಳಿ ನಡೋದು, ಅಗೆದ ಮ್ಯಾಲ ಕೆಡದಂಗ ಇಡೋದು, ಒಣಗಿಸೋದು, ಹಿಟ್ಟು ಮಾಡೋದು, ಅದರ ಸಂಗಾಟ ಪೈ ಮಾಡೋದೂ ಐತಿ. ಹೊಲ ಮತ್ತು ಅಡಗಿ ಮನಿ ಒಂದೇ ಪುಸ್ತಕದಾಗ. ಮಾಲು ಜಾಸ್ತಿ ಬಂದಾಗ ಬೆಲಿ ಬೀಳತೈತಿ, ಅದನ್ನ ತಿನ್ನೋ ದಾರಿನೂ ರೈತನಿಗೇ ಗೊತ್ತಿರಬೇಕು ಅನ್ನೋ ಲೆಕ್ಕ ಅದು. ಮೊದಲ ಮಹಾಯುದ್ಧದಾಗ ಗೋಧಿ ಕೊರತಿ ಬಿದ್ದಾಗ ಗೆಣಸಿನ ಹಿಟ್ಟು ಬೆರೆಸಿ ಬ್ರೆಡ್ ಮಾಡೋ ಅವನ ಪ್ರಯೋಗದ ಕಡೆ ಸರ್ಕಾರವೂ ಕಣ್ಣು ಹಾಯಿಸ್ತು.

ಈಗ ನಮ್ಮ ಊರಿಗೆ ಬರೋಣು. ಸುಟ್ಟು ಮಾಡೋ ಸಿಹಿ ನಮಗೆ ಹೊಸದೇನಲ್ಲ. ಬೆಳಗಾವಿ ಮದಿವ್ಯಾಗ ಮಾಂಡೆ ಇಲ್ಲದ ಊಟ ಊಟಲ್ಲ. ಬಗಲಿಗೆ ಬಗಲು ಚಾಚಿ, ಕೈಯಿಂದಲೇ ಕಣಕ ಹಿಗ್ಗಿಸಿ, ಬೋರಲ ಹಾಕಿದ ಕಾದ ಪಾತ್ರಿಯ ಬೆನ್ನ ಮ್ಯಾಲ ಬೇಯಿಸ್ತಾರ, ಒಳಗ ಸಕ್ಕರಿ-ತುಪ್ಪ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಾಗ ಮಂಡಕ ಅನ್ನೋ ಭಕ್ಷ್ಯ ಐತಿ. ಜ್ಞಾನೇಶ್ವರ ಮಹಾರಾಜರ ತಂಗಿ ಮುಕ್ತಾಬಾಯಿಗೆ ಮಾಂಡೆ ಮಾಡಲಿಕ್ಕೆ ಮಡಕಿ ಸಿಗಲಿಲ್ಲ, ಅಣ್ಣ ಯೋಗದಿಂದ ತನ್ನ ಬೆನ್ನನ್ನೇ ಕಾಯಿಸಿ ಕೊಟ್ಟ ಅನ್ನೋ ಕಥಿ ವಾರಕರಿಗಳ ಮನಿಮನಿಯೊಳಗ ಐತಿ. ಖಾನಾಪುರದ ಮಣ್ಣು ಮಡಕಿ-ಹಂಚಿಗೆ ಹೆಸರಾದದ್ದು. ಭಟ್ಟಿ ಇಲ್ಲದೇ ಸುಡೋ ವಿದ್ಯಾ ನಮ್ಮಲ್ಲಿ ಹಿಂಗಿತ್ತು.

ಇಂಗ್ಲಿಷರ ಭಟ್ಟಿ ಬೆಳಗಾವಿಗೆ ಬಂದದ್ದು ಪಲ್ಟಣದ ಸಂಗಾಟ. 1818ರಲ್ಲಿ ಬ್ರಿಟಿಷರು ಬೆಳಗಾವಿ ಕ್ವಾಟಿ ಹಿಡಿದರು, ಕ್ಯಾಂಪ್ ಬೆಳೀತು. ಬ್ರೆಡ್, ಬಿಸ್ಕೀಟು, ಕ್ರಿಸ್‌ಮಸ್ ಕೇಕು ನಮ್ಮ ಊರಿನವೇ ಆದವು. 20ನೇ ಶತಮಾನದ ಆರಂಭಕ್ಕ ಲಂಡನ್ ಮಿಷನ್ನಿನವರ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು, ಹಂಗಾಗಿ ಅಮೆರಿಕದವರೂ ಇಲ್ಲಿ ಬಂದು ಇದ್ದರು. ಆದ್ರೂ ಸುತ್ತಲ ಹೊಲದ ಗೆಣಸು ಊರಿನ ಬೇಕರಿ ಗಾಜಿನೊಳಗ ಕೂಡಲಿಲ್ಲ. ಮಿಠಾಯಿ ಅಂಗಡಿಯೊಳಗೂ ಕೂಡಲಿಲ್ಲ. ಅಲ್ಲಿ ಕುಂದಾ ಐತಿ, ಕರದಂಟು ಐತಿ, ಮಾಂಡೆ ಐತಿ. ಕುಂದಾದ ಕಥಿನೂ ಹೊಲದ ಕಥಿಯೇ. ಹಾಲು ಸಂಜೀತನ ಉಳಿಯಂಗಿಲ್ಲ, ಕಾಸಿ ಕಾಸಿ ಖೋವಾ ಮಾಡಿದ್ರ ಉಳೀತೈತಿ. ಸಕ್ಕರಿ ಹಾಕಿ ಕೆಂಪಗ ಮಾಡಿದ್ರ ಬೆಳಗಾವಿ ಹೆಸರು ಹೊತ್ತು ಮುಂಬೈತನ ಹೋಗತೈತಿ. ಸಿಹಿ ಅನ್ನೋದು ಕೆಡೋ ಮಾಲನ್ನ ಉಳಿಸೋ ಉಪಾಯ. ಹಾಲಿಗೆ ಆ ಭಾಗ್ಯ ಸಿಕ್ಕಿತು, ಗೆಣಸಿಗೆ ಸಿಗಲಿಲ್ಲ.

ಯಾಕ ಸಿಗಲಿಲ್ಲ? ನನ್ನ ತಿಳುವಳಿಕಿ ಪ್ರಕಾರ ನಾಚಿಕಿ. ನಮ್ಮ ಅವ್ವ ಬರಗಾಲದ ಮಾತು ತೆಗೆದ್ರ, "ಎರಡು ಹೊತ್ತೂ ಗೆಣಸ ತಿಂದು ದಿನಾ ತಗದೀವಿ" ಅಂತಿದ್ದಳು. ಹೇಳೋವಾಗ ದನಿ ಸಣ್ಣ ಆಗ್ತಿತ್ತು. ಬೀಗರು ಬಂದ್ರ ಗೆಣಸಿನ ಹೋಳಿಗಿ ಮಾಡ್ತಿರಲಿಲ್ಲ, ಬ್ಯಾಳಿ ಹೋಳಿಗಿ ಮಾಡ್ತಿದ್ದಳು. ಗೆಣಸಿನದು ಮನಿ ಮಂದಿಗೆ. ಬಡವರ ತಿನಿಸು ಅಂತ ಒಮ್ಮೆ ಹೆಸರು ಬಿದ್ದ ಮ್ಯಾಲ ಅದನ್ನ ಬೆಳೆಯೋರೇ ಮುಚ್ಚಿಡ್ತಾರ. ಅಮೆರಿಕದ ಕರಿಯ ಜನರಿಗೂ ಗೆಣಸು ಅಂದ್ರ ಗುಲಾಮಗಿರಿಯ ಬೂದಿಯ ನೆನಪು. ಅವರು ಅದನ್ನ ಮುಚ್ಚಿಡಲಿಲ್ಲ. ಹಬ್ಬದ ತಾಟಿನ ನಟ್ಟನಡುವ ಇಟ್ಟರು. ದಕ್ಷಿಣ ಬಿಟ್ಟು ಚಿಕಾಗೊ, ನ್ಯೂಯಾರ್ಕ್ ಕಾರಖಾನಿಗೆ ದುಡಿಯಲಿಕ್ಕೆ ಹೋದಾಗ ಸಂಗಾಟ ಒಯ್ದರು. ಇವತ್ತು ಆ ಪೈ ಇಲ್ಲದಿದ್ರ ಅವರ ಹಬ್ಬ ಹಬ್ಬಲ್ಲ. ಇದರ ಲಾಭ ಯಾರಿಗೆ? ಬೆಳೆಗಾರನಿಗೂ ಆತು. ಅಮೆರಿಕದಾಗ ಎಲ್ಲಕ್ಕಿಂತ ಜಾಸ್ತಿ ಗೆಣಸು ಬೆಳೆಯೋದು ನಾರ್ಥ್ ಕ್ಯಾರೊಲಿನಾ. ಅಲ್ಲಿ ಸಾಲಿ ಹುಡುಗರು ಅರ್ಜಿ ಬರೆದು, 1995ರಲ್ಲಿ ಗೆಣಸನ್ನ ರಾಜ್ಯದ ಅಧಿಕೃತ ತರಕಾರಿ ಮಾಡಿಸಿದರು.

ನಮ್ಮ ಗೆಣಸನ್ನ ಮೆಚ್ಚಿ ತಿನ್ನೋರು ದಿಲ್ಲಿಯವರು. ಚಳಿಗಾಲದಾಗ ರಸ್ತಾದ ಬಗಲಿಗೆ ಕೆಂಡದ ಮ್ಯಾಲ ಸುಟ್ಟು, ಹೆಚ್ಚಿ, ಲಿಂಬಿಹುಳಿ-ಮಸಾಲಿ ಹಾಕಿ ಕೊಡ್ತಾರ. ಅವರ ಬಾಯಾಗ ಅದರ ಹೆಸರು ಶಕರ್‌ಕಂದಿ, ಸಕ್ಕರಿ ಗಡ್ಡಿ. ಛಠ್ ಪೂಜೆಯ ಬುಟ್ಟಿಯಲ್ಲೂ ಗೆಣಸು ಇರ್ತೈತಿ. ನಮ್ಮ ಮಾಲಿನ ಬೆಲಿ ನಿಂತದ್ದು ದೂರದ ಊರಿನ ಚಳಿ, ದೂರದ ಊರಿನ ಹಬ್ಬದ ಮ್ಯಾಲ. ಅಲ್ಲಿ ಬೇಡಿಕಿ ಇಳಿದ್ರ ಇಲ್ಲಿ ಚೀಲದ ದುಡ್ಡೂ ಏಳಂಗಿಲ್ಲ. ಒಂದು ವರ್ಷ ಎಲ್ಲರ ಮಾಲೂ ಒಂದೇ ವಾರ ಬಂತು. ಅಗಿಯೋ ಆಳು, ಗಾಡಿ ಬಾಡಿಗಿ, ಹಮಾಲಿ ಕೊಟ್ಟ ಮ್ಯಾಲ ನನ್ನ ಕೈಯಾಗ ಉಳಿದದ್ದು ಮನಿತನ ಬರೋ ಬಸ್ಸಿನ ತಿಕೀಟಿನ ರೊಕ್ಕ. ಅಗೀಲಿಲ್ಲ ಅಂತ ಬಿಟ್ರ ಕಾಡುಹಂದಿ ಕಾಯ್ಕೊಂಡು ಕುಂತಿರತಾವ. ಹಲಸಿಯ ಭೂವರಾಹ ದೇವರಿಗೆ ಕೈ ಮುಗಿದು ಬಂದು, ರಾತ್ರಿ ಅವನ ಬಳಗವನ್ನೇ ಡಬ್ಬಿ ಬಾರಿಸಿ ಓಡಿಸೋ ಬಾಳೇ ನಮ್ಮದು.

ಪೈ ಮಾಡೋ ದೇಶದವರಿಂದ ನಾವು ಕಲೀಬೇಕಾದ್ದು ಪೈ ಅಲ್ಲ, ಅದರ ಹಿಂದಿನ ಕೆಲಸ. ಅಲ್ಲಿ ಅಗೆದ ಗೆಣಸನ್ನ ಹಸೀದು ಪ್ಯಾಟಿಗೆ ಒಯ್ಯಂಗಿಲ್ಲ. 29-30 ಡಿಗ್ರಿ ಶಾಖ, 85ರಿಂದ 90ರಷ್ಟು ಆರ್ದ್ರತಾ ಇರೋ ಖೋಲಿಯೊಳಗ ನಾಲ್ಕರಿಂದ ಏಳು ದಿನ ಇಡ್ತಾರ. ಗುದ್ದಲಿ ತಾಗಿದ ಗಾಯ ಆಗ ಹೊಸ ಸಿಪ್ಪಿ ಕಟ್ಟಿಕೊಂಡು ಮಾಯ್ತಾವ. ಆಮ್ಯಾಲ 13-15 ಡಿಗ್ರಿಯೊಳಗ ಇಟ್ರ ತಿಂಗಳುಗಟ್ಟಲೆ, ವರ್ಷದತನಕನೂ ತಡೀತಾವ. ಇದಕ್ಕೂ ತಂಪು ಬ್ಯಾಡ. ಫ್ರಿಜ್ಜಿನ್ಯಾಗ ಇಟ್ರ ಒಳಗ ಗಟ್ಟಿಯಾಗಿ ರುಚಿ ಕೆಡತೈತಿ. ಹಿಂಗ ಹದ ಮಾಡಿಟ್ಟ ಗೆಣಸಿನ್ಯಾಗ ಪಿಷ್ಟ ನಿಧಾನಕ್ಕ ಸಕ್ಕರಿ ಆಗತೈತಿ. ಸುಡೋವಾಗಲೂ ಅಷ್ಟೇ, 60ರಿಂದ 75 ಡಿಗ್ರಿ ಶಾಖದಾಗ ಗಡ್ಡಿಯೊಳಗಿನ ಕಿಣ್ವ ಜೋರು ಕೆಲಸ ಮಾಡಿ ಪಿಷ್ಟವನ್ನ ಸಿಹಿ ಮಾಡತೈತಿ. ಗಡಗಡ ಕುದಿಸಿದ್ರ ಆ ಹೊತ್ತು ಬೇಗ ದಾಟಿ ಹೋಗತೈತಿ. ಬೂದಿಯೊಳಗ, ಕುಳ್ಳಿನ ಕೆಂಡದೊಳಗ ಸಾವಕಾಶ ಸುಟ್ರ ಕಿಣ್ವಕ್ಕ ಪುರುಸೊತ್ತು ಸಿಗತೈತಿ. ಕುಳ್ಳಿನ ಬೆಂಕ್ಯಾಗಿನ ಗೆಣಸು ಜೇನಿನಂಗ ಯಾಕ ಇರ್ತಿತ್ತು ಅನ್ನೋದಕ್ಕ ಇದೇ ಉತ್ತರ. ಅಲಬಾಮಾದ ಗುಡಿಸಲದಾಗಿನ ಅಜ್ಜಿಗೂ, ನಮ್ಮ ಅಜ್ಜಿಗೂ ಕಿಣ್ವ ಗೊತ್ತಿರಲಿಲ್ಲ, ಬೂದಿ ಗೊತ್ತಿತ್ತು.

ನಮ್ಮಲ್ಲಿ ಅಂಥ ಖೋಲಿ ಇಲ್ಲ, ಆದ್ರ ಉಪಾಯ ಐತಿ. ನಾನು ಗಾಯ ಇಲ್ಲದ ಗಡ್ಡಿ ಆರಿಸಿ, ತೊಳೀದೇ, ನೆರಳಿನ್ಯಾಗ ಭತ್ತದ ಹುಲ್ಲಿನ ಮ್ಯಾಲ ಹರವಿ, ಮ್ಯಾಲೂ ಹುಲ್ಲು ಹೊದಿಸಿ ಒಂದು ವಾರ ಬಿಡ್ತೀನಿ. ಅಗೆದ ದಿನ ಸಪ್ಪಗಿದ್ದದ್ದು ವಾರದ ಮ್ಯಾಲ ಸಿಹಿ ಏರಿರತೈತಿ. ಮಳಿ ನಿಂತ ಮ್ಯಾಲ ಭೂಮಿಯೊಳಗೇ ಬಿಟ್ಟು ಇಡ್ತೀನಿ ಅನ್ನೋರು ಹುಷಾರ್ರಿ. ನೆಲ ಬಿರಿದ್ರ ಸೊಂಡಿ ಹುಳ ಇಳೀತೈತಿ, ಗಡ್ಡಿ ಕಹಿ ಆಗತೈತಿ. ಅಂಥಾದ್ದನ್ನ ದನಕ್ಕೂ ಹಾಕಬ್ಯಾಡ್ರಿ. ಬಣ್ಣದ ಮಾತೂ ಐತಿ. ಅಮೆರಿಕದ ಪೈ ಕೇಸರಿ, ಯಾಕಂದ್ರ ತಿರುಳು ಕೇಸರಿ, ಗಜ್ಜರಿಯೊಳಗಿನ ಸತ್ವ ಅದರಾಗ ಐತಿ. ಆಫ್ರಿಕಾದ ಮಕ್ಕಳ ಕಣ್ಣು ಉಳಿಸಲಿಕ್ಕೆ ಅಂಥಾ ಗೆಣಸು ಹಬ್ಬಿಸಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮ ದೇಶದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯೂ ಭೂ ಸೋನಾ ಅನ್ನೋ ಕೇಸರಿ ತಳಿ, ಭೂ ಕೃಷ್ಣ ಅನ್ನೋ ನೇರಳೆ ತಳಿ ಬಿಟ್ಟೈತಿ. ನಮ್ಮ ಕೆಂಪು ಸಿಪ್ಪಿ, ಬಿಳಿ ತಿರುಳಿನದು ಹೋಳಿಗಿಗೆ ಚಲೋ, ಹಿಟ್ಟು ಹಿಟ್ಟಾಗಿ ಮುದ್ದಿ ಕಟ್ಟತೈತಿ. ಅದನ್ನ ಬಿಡ್ರಿ ಅಂತ ನಾನು ಹೇಳಂಗಿಲ್ಲ. ಒಂದು ಸಾಲು ಕೇಸರಿದೂ ಹಾಕಿ ನೋಡ್ರಿ ಅಂತೀನಿ.

ಇತಿಹಾಸ ಓದಿ ನನಗ ತಿಳಿದದ್ದು ಇಷ್ಟು. ಬೆಳಿಗೆ ಬೆಲಿ ಬರೋದು ಬರೀ ಯಾರ್ಡಿನ್ಯಾಗ ಅಲ್ಲ. ಅದನ್ನ ತಿನ್ನೋರು ತಲಿ ಎತ್ತಿ ತಿನ್ನಬೇಕು, ಹಬ್ಬಕ್ಕ ಬೇಕು ಅನ್ನಬೇಕು, ಹೆಸರು ಹಿಡಿದು ಕೇಳಬೇಕು. ಗುಲಾಮರಾಗಿದ್ದ ಜನ ತಮ್ಮ ಬಡತನದ ಗಡ್ಡಿಗೆ ಆ ಮರ್ಯಾದಿ ಕೊಟ್ಟರು. ಭೂಮಿ ಇರೋ ನಾವು ಕೊಡಲಿಕ್ಕೆ ಯಾಕ ಹಿಂದ ಸರಿಯೋಣು? ಸಂಕ್ರಾಂತಿಗೆ ಬೀಗರು ಬಂದಾಗ ಗೆಣಸಿನ ಹೋಳಿಗಿಯನ್ನೇ ಮೊದಲ ತಾಟಿಗೆ ಹಾಕ್ರಿ. ಸ್ತ್ರೀಶಕ್ತಿ ಸಂಘದ ಅಕ್ಕಗೋಳು ಬೆಳಗಾವಿಗೆ ಹೋಳಿಗಿ ಮಾಡಿ ಕಳಿಸೋರಿದ್ರ ಶೇಂಗಾದ ಬಗಲಿಗೆ ಗೆಣಸಿನದೂ ಇಡ್ರಿ, ಚೀಟಿ ಮ್ಯಾಲ ಖಾನಾಪುರ ಗೆಣಸು ಅಂತ ಬರೀರಿ.

ನಿಮ್ಮ ಮನ್ಯಾಗ ಗೆಣಸಿನಿಂದ ಏನೇನು ಮಾಡ್ತಾರ, ಅವ್ವ-ಅಜ್ಜಿ ಹೆಂಗ ಮಾಡ್ತಿದ್ರು, ಬೆಲ್ಲ ಎಷ್ಟು, ಯಾವ ಹಬ್ಬಕ್ಕ, ಊರ ಹೆಸರು ಹಾಕಿ ಬರೀರಿ. ಬರೀಲಿಕ್ಕೆ ಬರದ ಹಿರಿಯರಿದ್ರ ಅವರ ಬಾಯಿಂದ ಕೇಳಿ ನೀವು ಬರೀರಿ. ಬಂದದ್ದೆಲ್ಲಾ ಒಂದು ಕಡೆ ಕೂಡಿಸಿ ಮುಂದಿನ ಸುಗ್ಗಿಗೆ ಇಲ್ಲೇ ಹಾಕ್ತೀನಿ.